ಮಾತು ತಡವಾದ ಮಗುವಿಗೆ ಎಂಥ ಪುಸ್ತಕ?

(ಸಂಘದ ವಾರ್ಷಿಕ ಸಮಾವೇಶದ ಪೋಷಕರ ಗೋಷ್ಠಿಯಲ್ಲಿ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿಯೊಬ್ಬರು ಮಾಡಿದ ಭಾಷಣದ ಬರಹ ರೂಪ)



ಈ ವೇದಿಕೆಯಲ್ಲಿ ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ, ಸಿಇಟಿ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತು ನಡೆಯುತ್ತದೆ. ನಡೆಯಬೇಕಾದದ್ದೇ. ಈ ಸಲ ಕಾರ್ಯದರ್ಶಿಯವರು ನನಗೆ ಫೋನ್ ಮಾಡಿ, "ಟೀಚರ್, ಪುಟ್ಟ ಮಕ್ಕಳ ಓದಿನ ಬಗ್ಗೆ ಏನಾದರೂ ಹೇಳಿ" ಎಂದರು. ನಾನು ಮೂವತ್ತೊಂದು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಪಾಠ ಮಾಡಿದವಳು. ಆದರೆ ಇಂದು ಹೇಳಹೊರಟಿರುವುದು ಶಾಲೆಯಲ್ಲಿ ಕಲಿತದ್ದಲ್ಲ. ಮನೆಯಲ್ಲಿ, ಮೊಮ್ಮಗನ ಮುಂದೆ ಸೋತು ಕಲಿತದ್ದು.

ನನ್ನ ಮಗಳ ಮಗ 2014ರಲ್ಲಿ ಎರಡು ವರ್ಷ ಪೂರೈಸಿದ. ಓಡುತ್ತಿದ್ದ, ನಗುತ್ತಿದ್ದ, ಬೇಕಾದ್ದನ್ನು ಕೈಹಿಡಿದು ಎಳೆದೊಯ್ದು ತೋರಿಸುತ್ತಿದ್ದ. ಮಾತು ಮಾತ್ರ ಐದಾರು. ಅಮ್ಮಿ, ಅಬ್ಬಾ, ಪಾನಿಗೆ 'ಪಾ', ಹೀಗೆ. ಮನೆಗೆ ಬಂದವರೆಲ್ಲ ಒಂದೊಂದು ಸಮಾಧಾನ ಹೇಳಿದರು. ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಗಂಡು ಮಕ್ಕಳು ಹಾಗೆಯೇ, ನಾಲಿಗೆ ಸ್ವಲ್ಪ ದಪ್ಪ ಇರಬೇಕು, ನಾಲಿಗೆಯ ಕೆಳಗಿನ ದಾರ ಕತ್ತರಿಸಿದರೆ ಸರಿಹೋಗುತ್ತದೆ. ಒಬ್ಬ ವೈದ್ಯರೂ "ಮೂರು ವರ್ಷದವರೆಗೆ ಕಾಯಿರಿ" ಎಂದರು. ಪಕ್ಕದ ರಸ್ತೆಯ ಪ್ಲೇ ಹೋಮಿನವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಮನೆಯಲ್ಲಿ ಉರ್ದು, ಹೊರಗೆ ಕನ್ನಡ, ಇಲ್ಲಿ ಇಂಗ್ಲಿಷ್. ಮಗು ಗೊಂದಲಕ್ಕೆ ಬಿದ್ದಿದೆ. ಇನ್ನು ಮನೆಯಲ್ಲಿ ಇಂಗ್ಲಿಷ್ ಮಾತ್ರ ಮಾತಾಡಿ" ಎಂದು ಅಪ್ಪಣೆ ಕೊಟ್ಟರು. ಇಂಗ್ಲಿಷ್ ಬಾರದ ಅವನ ದಾದಿ ಅಂದಿನಿಂದ ಮೊಮ್ಮಗನ ಜೊತೆ ಮಾತಾಡುವುದನ್ನೇ ಕಡಿಮೆ ಮಾಡಿಬಿಟ್ಟರು. ದಿನವಿಡೀ ಅವನ ಕಿವಿಯ ಮೇಲೆ ಬೀಳುತ್ತಿದ್ದ ಮಾತಿನಲ್ಲಿ ಅರ್ಧಕ್ಕರ್ಧ ಅವರದ್ದೇ ಆಗಿತ್ತು. ಅದೂ ನಿಂತುಹೋಯಿತು.

ನಾನು ಟೀಚರಲ್ಲವೇ? ಪೇಟೆಗೆ ಹೋಗಿ ದೊಡ್ಡ ಚಿತ್ರಪುಸ್ತಕವೊಂದನ್ನು ತಂದೆ. ಒಂದೊಂದು ಪುಟದಲ್ಲಿ ಇಪ್ಪತ್ತು ಮೂವತ್ತು ಚಿತ್ರಗಳು. ಹಣ್ಣುಗಳ ಪುಟ, ಪ್ರಾಣಿಗಳ ಪುಟ, ವಾಹನಗಳ ಪುಟ, ಜೊತೆಗೆ ಅಕ್ಷರಮಾಲೆ. ಸಂಜೆ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಶುರುಮಾಡಿದೆ. ಇದೇನು? ಇದೇನು ಹೇಳು? ಜೀಬ್ರಾ ಅನ್ನು, ಜೀಬ್ರಾ. ಮೂರನೆಯ ದಿನ ಅವನು ನನ್ನ ಕೈಯಿಂದ ಪುಸ್ತಕ ಕಿತ್ತು ಮುಚ್ಚಿದ. ನಾಲ್ಕನೆಯ ದಿನ ನಾನು ಪುಸ್ತಕ ತೆಗೆದೊಡನೆ ಎದ್ದು ಓಡಿದ. ಎರಡು ವರ್ಷದ ಮಗುವಿಗೆ ನಾನು ಮೌಖಿಕ ಪರೀಕ್ಷೆ ನಡೆಸುತ್ತಿದ್ದೆ ಎಂಬುದು ನನಗೆ ಹೊಳೆಯಲೇ ಇಲ್ಲ.

ಪುಸ್ತಕದ ವಿಷಯಕ್ಕೆ ಬರುವ ಮೊದಲು ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಮಾತು ತಡವಾದರೆ ಮೊಟ್ಟಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ತಟ್ಟೆ ಬಿದ್ದ ಸದ್ದಿಗೆ ತಿರುಗುತ್ತದೆ, ಆದ್ದರಿಂದ ಕಿವಿ ಸರಿಯಿದೆ ಎಂದು ನಾವು ತೀರ್ಮಾನಿಸುತ್ತೇವೆ. ತಟ್ಟೆಯ ಸದ್ದು ಕೇಳಿದ ಮಗುವಿಗೆ ಮಾತಿನ ಸೂಕ್ಷ್ಮ ಧ್ವನಿಗಳು ಕೇಳದೇ ಇರಬಹುದು. ಮೊಮ್ಮಗನ ವಿಷಯದಲ್ಲಿ ಆದದ್ದು ಇದೇ. ಪದೇ ಪದೇ ನೆಗಡಿಯಾಗಿ ಎರಡೂ ಕಿವಿಗಳ ತಮಟೆಯ ಹಿಂದೆ ನೀರು ನಿಂತಿತ್ತು. ನಮ್ಮ ಮಾತು ಅವನಿಗೆ ನೀರಿನೊಳಗೆ ಮುಳುಗಿ ಕೇಳಿದ ಹಾಗೆ ಕೇಳುತ್ತಿತ್ತು. ಕಾಯಿರಿ ಎಂದವರ ಮಾತು ಕೇಳಿ ಏಳು ತಿಂಗಳು ಕಳೆದ ಮೇಲೆ ಇದು ಗೊತ್ತಾಯಿತು. ಆ ಏಳು ತಿಂಗಳ ಬಗ್ಗೆ ನನಗೆ ಇಂದಿಗೂ ಸಂಕಟವಿದೆ.

ಪರೀಕ್ಷೆಗೆ ಮಗು ದೊಡ್ಡದಾಗಬೇಕಿಲ್ಲ. ಹುಟ್ಟಿದ ಕೂಸಿಗೂ ಮಾಡುತ್ತಾರೆ. ಬೇರಾ ಎಂಬ ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗಲೇ ಮಾಡುತ್ತಾರೆ. ನೋವಿಲ್ಲ. ಸಾಮಾನ್ಯವಾಗಿ ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ ಬರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಸುಮಾರು 50 ಪದಗಳು, ಜೊತೆಗೆ 'ಅಮ್ಮಿ ಪಾನಿ' ಎಂಬಂತೆ ಎರಡು ಪದಗಳ ಜೋಡಣೆ ಇರಬೇಕು. ಈ 50ನ್ನು ಎಣಿಸುವಾಗ ಉರ್ದುವಿನದ್ದೂ ಕನ್ನಡದ್ದೂ ಬ್ಯಾರಿಯದ್ದೂ ಎಲ್ಲವನ್ನೂ ಸೇರಿಸಿ ಎಣಿಸಬೇಕು. ಹೆಸರು ಕರೆದರೆ ತಿರುಗದ ಮಗು, ಬೆರಳು ಮಾಡಿ ಏನನ್ನೂ ತೋರಿಸದ ಮಗು, ಬಂದಿದ್ದ ಮಾತನ್ನು ಕಳೆದುಕೊಂಡ ಮಗು, ಇವರನ್ನು ಒಂದು ವಾರವೂ ತಡಮಾಡದೆ ತೋರಿಸಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮಕ್ಕಳ ತಪಾಸಣೆಯಿದೆ. ಕಿವಿ ಮತ್ತು ಮಾತಿನ ತೊಂದರೆಗಳೂ ಅದರಲ್ಲಿ ಸೇರಿವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ನಾಲಿಗೆಯ ಕೆಳಗಿನ ದಾರದಿಂದ ಕೆಲವು ಅಕ್ಷರಗಳ ಉಚ್ಚಾರಣೆಗೆ ತೊಡಕಾಗಬಹುದೇ ಹೊರತು ಮಗು ಮಾತೇ ಕಲಿಯದಿರಲು ಅದು ಕಾರಣವಲ್ಲ. ಮನೆಯಲ್ಲಿ ಎರಡು ಭಾಷೆಗಳಿರುವುದೂ ಕಾರಣವಲ್ಲ. ಇದನ್ನು ತಿಳಿದವರಿಂದ ಕೇಳಿ ಖಚಿತಪಡಿಸಿಕೊಂಡ ದಿನವೇ ನಾನು ಬೀಗರ ಮನೆಗೆ ಹೋಗಿ ಅವನ ದಾದಿಯ ಕೈಹಿಡಿದು, "ಆಪಾ, ನೀವು ನಿಮ್ಮ ಮಾತಿನಲ್ಲೇ ಮಾತಾಡಿ, ಎಷ್ಟು ಬೇಕಾದರೂ ಮಾತಾಡಿ" ಎಂದೆ.

ಕಿವಿಗೆ ಚಿಕಿತ್ಸೆಯಾಯಿತು. ಕೇಳತೊಡಗಿದ. ಆದರೆ ಕೇಳಿದ ಮಾತ್ರಕ್ಕೆ ಮಾತು ಬಂದುಬಿಡುವುದಿಲ್ಲ. ವಾಕ್ ಚಿಕಿತ್ಸಕಿಯ ಬಳಿ ವಾರಕ್ಕೊಮ್ಮೆ ಕರೆದುಕೊಂಡು ಹೋಗಬೇಕಾಯಿತು. ಆಕೆ ನನ್ನ ಮಗಳಿಗಿಂತಲೂ ಚಿಕ್ಕವಳು. ನನ್ನ ದೊಡ್ಡ ಪುಸ್ತಕವನ್ನು ನೋಡಿ ನಕ್ಕು, "ಮೇಡಂ, ಇದನ್ನು ಅವನು ಒಂದನೇ ಕ್ಲಾಸಿಗೆ ಬಂದಾಗ ತೆಗೆಯಿರಿ" ಎಂದಳು. ನನ್ನ ಮುಖ ಸಣ್ಣಗಾಯಿತು. ಆಮೇಲೆ ಅವಳು ಮೇಜಿನಿಂದ ತೆಗೆದ ಪುಸ್ತಕದಲ್ಲಿ ಇದ್ದದ್ದು ಹತ್ತೇ ಪುಟ. ದಪ್ಪ ರಟ್ಟಿನ ಪುಟಗಳು. ಒಂದು ಪುಟಕ್ಕೆ ಒಂದೇ ಚಿತ್ರ, ಹಿಂದೆ ಬರೀ ಬಿಳಿ. ಒಂದು ಲೋಟ. ಒಂದು ಚಪ್ಪಲಿ. ಒಂದು ಚೆಂಡು.

ಪುಸ್ತಕ ಆರಿಸುವ ವಿದ್ಯೆ ಅಲ್ಲಿಂದ ಶುರುವಾಯಿತು. ನಾನು ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಮಾತು ತಡವಾದ ಮಗುವಿನ ಕಣ್ಣು ಎಲ್ಲಿದೆಯೋ ನಮ್ಮ ಮಾತೂ ಅಲ್ಲೇ ಇರಬೇಕು. ಮಗು ಬಾಳೆಹಣ್ಣನ್ನು ನೋಡುತ್ತಿರುವಾಗ ನಾವು 'ದ್ರಾಕ್ಷಿ' ಎಂದರೆ ಅದಕ್ಕೆ ಎರಡೂ ತಿಳಿಯುವುದಿಲ್ಲ. ಒಂದು ಪುಟದಲ್ಲಿ ಮೂವತ್ತು ಚಿತ್ರಗಳಿದ್ದರೆ ಮಗು ಯಾವುದನ್ನು ನೋಡುತ್ತಿದೆ ಎಂದು ಯಾರಿಗೆ ಗೊತ್ತು? ಒಂದೇ ಚಿತ್ರವಿದ್ದಾಗ ಆ ಅನುಮಾನಕ್ಕೆ ಎಡೆಯಿಲ್ಲ. ಇಬ್ಬರೂ ಒಂದನ್ನೇ ನೋಡುತ್ತೇವೆ, ಅದನ್ನೇ ಹೇಳುತ್ತೇವೆ. ಮೊದಲ ಪುಸ್ತಕಗಳಲ್ಲಿ ಸರಳತೆ ಬೇಕು ಎನ್ನುವುದು ಇದಕ್ಕಾಗಿ.

ಇನ್ನು ಚಿತ್ರ ಯಾವುದರದ್ದು? ಮಗು ಮುಟ್ಟಿದ್ದು, ತಿಂದದ್ದು, ಎಸೆದದ್ದು. ಜೀಬ್ರಾ ನಮ್ಮ ಬೀದಿಯಲ್ಲಿ ಓಡಾಡುವುದಿಲ್ಲ. ಮೇಕೆ ಓಡಾಡುತ್ತದೆ, ಆಟೋ ಓಡಾಡುತ್ತದೆ. ಪುಸ್ತಕದಲ್ಲಿ ಚಪ್ಪಲಿ ನೋಡಿದ ಮಗುವಿಗೆ ಬಾಗಿಲ ಬಳಿ ಚಪ್ಪಲಿ ಸಿಗಬೇಕು, ಸಂಜೆ ಅದನ್ನು ಕಾಲಿಗೆ ಹಾಕಿಕೊಳ್ಳುವಾಗ ಅದೇ ಪದ ಮತ್ತೆ ಕೇಳಬೇಕು. ಹೀಗೆ ಒಂದು ಪದ ದಿನಕ್ಕೆ ಹತ್ತು ಸಲ, ಹತ್ತು ಕಡೆ ಕೇಳಿಸಿದರೆ ಅದು ಉಳಿಯುತ್ತದೆ. ಜಿರಾಫೆ, ಪೆಂಗ್ವಿನ್‌ಗಳಿಗೆ ಆ ಭಾಗ್ಯವಿಲ್ಲ. ಅವು ಆಮೇಲೆ ಬರಲಿ.

ಪದಕ್ಕಿಂತ ಮೊದಲು ಸದ್ದು. ಮೇಕೆ 'ಮ್ಯಾ' ಎನ್ನುತ್ತದೆ, ಬಸ್ಸು 'ಪೋಂ ಪೋಂ' ಎನ್ನುತ್ತದೆ, ನೀರು 'ಟಪ್ ಟಪ್' ಎಂದು ಬೀಳುತ್ತದೆ. ಇಂಥ ಸದ್ದು ಮಾಡಲು ಆಸ್ಪದವಿರುವ ಪುಸ್ತಕ ಬಹಳ ಉಪಕಾರಿ. 'ಮೇಕೆ' ಎನ್ನಲು ಬಾರದ ಮಗು 'ಮ್ಯಾ' ಎಂದರೂ ಅದು ಮಾತೇ. ಹಾಗೆ ಲೆಕ್ಕ ಹಿಡಿಯಬೇಕು. ಇದು ಇಂದು ನಿನ್ನೆಯ ಉಪಾಯವೂ ಅಲ್ಲ. ಮಕ್ಕಳಿಗಾಗಿ ಅಚ್ಚಾದ ಚಿತ್ರಪುಸ್ತಕಗಳಲ್ಲಿ ಬಹಳ ಹಳೆಯದು ಎಂದು ಹೆಸರಾದದ್ದು ಕೊಮೇನಿಯಸ್ ಎಂಬ ಶಿಕ್ಷಣತಜ್ಞ 1658ರಲ್ಲಿ ಪ್ರಕಟಿಸಿದ 'ಓರ್ಬಿಸ್ ಪಿಕ್ಟಸ್'. ನಮ್ಮ ಟಿಸಿಎಚ್ ತರಗತಿಯಲ್ಲಿ ಆ ಹೆಸರನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿದ್ದೆವು. ಅದು ಶುರುವಾಗುವುದೇ ಕಾಗೆ, ಕುರಿ ಮುಂತಾದವುಗಳ ಕೂಗಿನಿಂದ ಎಂಬುದು ನನಗೆ ತಿಳಿದದ್ದು ನಿವೃತ್ತಿಯಾದ ಮೇಲೆ!

ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪೇಟೆಯ ಪುಸ್ತಕಗಳಲ್ಲಿ ಇರುವುದೆಲ್ಲ ವಸ್ತುಗಳ ಹೆಸರು. ಹೆಸರುಗಳಿಂದಲೇ ವಾಕ್ಯವಾಗುವುದಿಲ್ಲ, ಕ್ರಿಯೆ ಬೇಕು. ಮಗು ಮಲಗಿದೆ, ಚೆಂಡು ಬಿತ್ತು, ಹಕ್ಕಿ ಹಾರಿತು, ಹಾಲು ಚೆಲ್ಲಿತು. ಇಂಥ ಚಿತ್ರಗಳಿರುವ ಪುಸ್ತಕವನ್ನು ಹುಡುಕಬೇಕು. ಮೊಮ್ಮಗನಿಗೆ ಪುಸ್ತಕದಿಂದ ಬಂದ ಮೊದಲ ಮಾತು ಯಾವ ವಸ್ತುವಿನ ಹೆಸರೂ ಅಲ್ಲ. ಚೆಂಡೊಂದು ಮೆಟ್ಟಿಲಿನಿಂದ ಬೀಳುವ ಚಿತ್ರವಿತ್ತು. ಅವನ ದಾದಿ ಪ್ರತಿ ಸಲವೂ ಕೈ ಬಡಿದು "ಗಿರ್ ಗಯಾ!" ಎನ್ನುತ್ತಿದ್ದರು. ಮೂರು ವಾರ ಸುಮ್ಮನೆ ನೋಡಿದ. ಒಂದು ಸಂಜೆ ಆ ಪುಟ ಬಂದಾಗ ದಾದಿ ಕೆಮ್ಮಿಗಾಗಿ ಒಂದು ಕ್ಷಣ ತಡೆದರು. ಅವನೇ "ಗಾ!" ಎಂದ. ಮರುದಿನ ನನ್ನ ಕನ್ನಡಕ ಬಿದ್ದಾಗಲೂ "ಗಾ". ಕರೆಂಟು ಹೋದಾಗಲೂ "ಗಾ". ಆ ಒಂದು ಅಕ್ಷರ ನಮ್ಮ ಮನೆಯಲ್ಲಿ ಒಂದು ವಾರ ಎಷ್ಟು ಕೆಲಸ ಮಾಡಿತು ಎಂದು ಹೇಳಿ ಮುಗಿಯದು.

ದಾದಿಯ ಆ ಕೆಮ್ಮನ್ನು ನೆನಪಿಡಿ. ಪುಸ್ತಕ ಎಷ್ಟೇ ಒಳ್ಳೆಯದಿರಲಿ, ನಾವು ನಿಲ್ಲಿಸದೆ ಮಾತಾಡಿದರೆ ಮಗುವಿಗೆ ಸರದಿಯೇ ಬರುವುದಿಲ್ಲ. ಪುಟ ತಿರುಗಿಸಿ, ಒಂದು ಮಾತು ಹೇಳಿ, ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಾ ಮಗುವಿನ ಮುಖ ನೋಡಿ. ಮೊದಲ ಸಲ ಹತ್ತು ಎಣಿಸುವುದು ಎಷ್ಟು ಕಷ್ಟ ಎಂಬುದು ಮಾಡಿದವರಿಗೇ ಗೊತ್ತು, ಟೀಚರುಗಳಿಗಂತೂ ಇನ್ನೂ ಕಷ್ಟ. ತೊಡೆಯ ಮೇಲೆ ಕೂರಿಸಿಕೊಂಡರೆ ಮಗುವಿಗೆ ನಮ್ಮ ಬಾಯಿ ಕಾಣುವುದಿಲ್ಲ. ಎದುರು ಬದುರು ಚಾಪೆಯ ಮೇಲೆ ಕೂತು ನಡುವೆ ಪುಸ್ತಕವಿಡಿ. ಮಗು ತಲೆಕೆಳಗಾಗಿ ಹಿಡಿದರೂ ಹಿಡಿಯಲಿ, ಎರಡೇ ನಿಮಿಷ ಕೂತರೂ ಸಾಕು. ಒಂದೇ ಪುಸ್ತಕವನ್ನು ನಲವತ್ತು ಸಲ ತಂದರೆ ಬೇಸರಪಡಬೇಡಿ, ಅದು ನಮಗೆ ಬೇಸರ, ಅದಕ್ಕಲ್ಲ. 'ಗಾಡಿ' ಎಂದರೆ ನೀವು 'ಕೆಂಪು ಗಾಡಿ' ಎನ್ನಿ, ಒಂದೇ ಒಂದು ಪದ ಸೇರಿಸಿ. 'ಹಾಗಲ್ಲ, ಸರಿಯಾಗಿ ಹೇಳು' ಎಂಬ ಮಾತು ಮಾತ್ರ ಬೇಡ.

1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡು ಮೂರು ವರ್ಷದ ಮಕ್ಕಳ ತಂದೆತಾಯಿಯರಿಗೆ, ಪುಸ್ತಕವನ್ನು ಓದಿ ಹೇಳುವ ಬದಲು ಅದರ ಸುತ್ತ ಮಗುವಿನ ಜೊತೆ ಸಂಭಾಷಣೆ ನಡೆಸುವುದನ್ನು ಕಲಿಸಿದರು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನ ಪರೀಕ್ಷೆಗಳಲ್ಲಿ, ಎಂದಿನಂತೆ ಓದಿಸಿಕೊಂಡ ಮಕ್ಕಳಿಗಿಂತ ಮುಂದಿದ್ದರು. ಅವರು ಮಾತು ತಡವಾದ ಮಕ್ಕಳಲ್ಲ, ನಿಜ. ಆದರೆ ಇಂಥ ಮಕ್ಕಳ ಮನೆಗಳಿಗೂ ಚಿಕಿತ್ಸಕರು ಕಲಿಸುವುದು ಇದನ್ನೇ, ಇನ್ನಷ್ಟು ನಿಧಾನವಾಗಿ, ಪ್ರಶ್ನೆಗಳನ್ನು ಇನ್ನೂ ಕಡಿಮೆ ಮಾಡಿ.

ಗುಂಡಿ ಒತ್ತಿದರೆ ತಾನೇ ಮಾತಾಡುವ ಬ್ಯಾಟರಿ ಪುಸ್ತಕಗಳ ಬಗ್ಗೆ ಅನೇಕರು ಕೇಳುತ್ತಾರೆ. ಗಲ್ಫಿನಿಂದ ಬರುವ ಪೆಟ್ಟಿಗೆಗಳಲ್ಲಿ ಅವು ಇದ್ದೇ ಇರುತ್ತವೆ. ಅಮೆರಿಕದಲ್ಲಿ 26 ಮನೆಗಳ ಪುಟ್ಟ ಮಕ್ಕಳನ್ನು ಗಮನಿಸಿ 2015ರ ಕೊನೆಯಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಮಾತಾಡುವ ಆಟಿಕೆ ಎದುರಿಗಿದ್ದಾಗ ದೊಡ್ಡವರು ತಾವೇ ಮಾತು ಕಡಿಮೆ ಮಾಡಿದ್ದು, ಸಾಧಾರಣ ಪುಸ್ತಕ ಇದ್ದಾಗ ಹೆಚ್ಚು ಮಾತಾಡಿದ್ದು ಕಂಡುಬಂತು. ಯಂತ್ರ ಮಾತಾಡಿದರೆ ನಾವು ಸುಮ್ಮನಾಗುತ್ತೇವೆ, ಅಷ್ಟೇ. ಮೊಬೈಲಿನ ಹಾಡುಗಳೂ ಹಾಗೆಯೇ. ಎರಡು ವರ್ಷದೊಳಗೆ ಪರದೆ ಬೇಡ ಎಂದು ಭಾರತೀಯ ಶಿಶುವೈದ್ಯರ ಅಕಾಡೆಮಿ 2021ರಲ್ಲಿ ಹೇಳಿದೆ. ಗಲ್ಫಿನಲ್ಲಿರುವ ಅಪ್ಪಂದಿರು ವಿಡಿಯೊ ಕರೆಯಲ್ಲಿ ಮಗುವಿನ ಜೊತೆ ಮಾತಾಡುವುದು ಬೇರೆ ವಿಷಯ, ಅದು ಮಾತುಕತೆ. ಆ ಪುಸ್ತಕದ ಇನ್ನೊಂದು ಪ್ರತಿ ಅಪ್ಪನ ಬಳಿಯೂ ಇದ್ದರೆ ಎಷ್ಟು ಚೆನ್ನ! ನನ್ನ ಅಳಿಯ ಹಾಗೆ ಮಾಡಿದ.

ಇಂಥ ಪುಸ್ತಕಗಳು ಎಲ್ಲಿ ಸಿಗುತ್ತವೆ? ನ್ಯಾಷನಲ್ ಬುಕ್ ಟ್ರಸ್ಟ್‌ನವರದ್ದು ಅಗ್ಗ. ಚೆನ್ನೈನ ತೂಲಿಕಾದವರು ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಚಿತ್ರಪುಸ್ತಕಗಳನ್ನು ತರುತ್ತಾರೆ. ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಸ್ಟೋರಿವೀವರ್ ಎಂಬ ಜಾಲತಾಣ ತೆರೆದರು. ಅದರಲ್ಲಿ ಕನ್ನಡ, ಉರ್ದು ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಮುದ್ರಿಸಿಕೊಳ್ಳಬಹುದು. ಪದಗಳೇ ಇಲ್ಲದ ಪುಸ್ತಕಗಳೂ ಅಲ್ಲಿವೆ. ಅಕ್ಷರ ಬಾರದ ತಾಯಂದಿರು ಇದನ್ನು ಗಮನಿಸಬೇಕು. ಚಿತ್ರಕ್ಕೆ ಭಾಷೆಯಿಲ್ಲ. ಅದನ್ನು ಬ್ಯಾರಿಯಲ್ಲಿ ಹೇಳಿ, ನವಾಯತಿಯಲ್ಲಿ ಹೇಳಿ, ಉರ್ದುವಿನಲ್ಲಿ ಹೇಳಿ, ನಿಮ್ಮ ಬಾಯಿಗೆ ಸಲೀಸಾಗಿ ಬರುವ ಯಾವ ಮಾತಿನಲ್ಲಾದರೂ ಹೇಳಿ. 'ನನಗೆ ಓದಲು ಬರುವುದಿಲ್ಲ' ಎಂದು ಒಬ್ಬ ತಾಯಿಯೂ ಹಿಂದೆ ಸರಿಯಬೇಕಾಗಿಲ್ಲ.

ಆದರೂ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಅಂಗಡಿಯ ಪುಸ್ತಕವಲ್ಲ. ಸ್ಟುಡಿಯೋದವರು ಫೋಟೋ ಹಾಕಿಕೊಡುವ ಸಣ್ಣ ಆಲ್ಬಂ ಇರುತ್ತದಲ್ಲ, ಪ್ಲಾಸ್ಟಿಕ್ ಚೀಲದ ಪುಟಗಳದ್ದು, ಅದು. ಅವನ ಲೋಟ, ಅವನ ಚಪ್ಪಲಿ, ದಾದಿಯ ಕನ್ನಡಕ, ಅಬ್ಬಾನ ಬೈಕಿನ ಚಾವಿ, ಮನೆಯ ಬಾಗಿಲು, ಹಿತ್ತಲಿನ ನಲ್ಲಿ. ಒಂದೊಂದನ್ನೂ ಬಿಳಿ ಟವೆಲ್ಲಿನ ಮುಂದಿಟ್ಟು, ನಲ್ಲಿ ಬಾಗಿಲುಗಳನ್ನು ಇದ್ದಲ್ಲೇ, ಮಗಳು ಮೊಬೈಲಿನಲ್ಲಿ ಫೋಟೋ ತೆಗೆದಳು. ಪ್ರತಿಗಳನ್ನು ಹಾಕಿಸಿ ಆಲ್ಬಮಿಗೆ ಸೇರಿಸಿದೆವು. ಒದ್ದೆಯಾದರೆ ಒರೆಸಬಹುದು, ಹರಿಯುವುದಿಲ್ಲ, ಕಲಿತ ಪದದ ಫೋಟೋ ತೆಗೆದು ಹೊಸದು ಹಾಕಬಹುದು. ಕೆಲವು ಮನೆಗಳಲ್ಲಿ ಹಿರಿಯರಿಗೆ ಜೀವಿಗಳ ಚಿತ್ರದ ಬಗ್ಗೆ ಸಂಕೋಚವಿರುವುದು ನನಗೆ ಗೊತ್ತು. ಅದರ ಬಗ್ಗೆ ಹೇಳಲು ನಾನು ಯಾರೂ ಅಲ್ಲ. ಅಂಥ ಮನೆಯವರು ಲೋಟ, ಚಾವಿ, ಚೆಂಡು, ಮಾವಿನಹಣ್ಣುಗಳಿಂದಲೇ ಇಡೀ ಪುಸ್ತಕ ಮಾಡಬಹುದು. ಮಾತು ಕಲಿಯಲು ಅದು ಎಳ್ಳಷ್ಟೂ ಕಡಿಮೆಯಲ್ಲ.

ವಿದ್ಯಾರ್ಥಿಗಳಿಗೂ ಒಂದು ಮಾತು. ಪಿಯುಸಿಯಲ್ಲಿ ವಿಜ್ಞಾನ ಓದಿದವರೆಲ್ಲ ವೈದ್ಯಕೀಯ, ಎಂಜಿನಿಯರಿಂಗ್ ಎಂದು ಎರಡೇ ಬಾಗಿಲುಗಳ ಮುಂದೆ ನಿಂತಿರುತ್ತೀರಿ. ಶ್ರವಣ ಮತ್ತು ವಾಕ್ ಚಿಕಿತ್ಸೆಯ ಪದವಿ ಬಿಎಎಸ್‌ಎಲ್‌ಪಿ, ತರಬೇತಿಯೂ ಸೇರಿ ನಾಲ್ಕು ವರ್ಷ. ನಮ್ಮ ಮೊಮ್ಮಗನಿಗೆ ಸಿಕ್ಕ ಆ ಹುಡುಗಿಗೆ ಉರ್ದು ಬರುತ್ತಿರಲಿಲ್ಲ. ದಾದಿ ಹೇಳಿದ್ದನ್ನು ನಾನು ಕನ್ನಡ ಮಾಡಿ, ಅವಳು ಹೇಳಿದ್ದನ್ನು ಉರ್ದು ಮಾಡಿ ನಡುವೆ ಕೂರುತ್ತಿದ್ದೆ. ಉರ್ದು, ಬ್ಯಾರಿ ಬಲ್ಲ ಒಬ್ಬ ಚಿಕಿತ್ಸಕಿ ತಾಲ್ಲೂಕಿಗೊಬ್ಬಳಿದ್ದರೆ ಎಷ್ಟು ತಾಯಂದಿರ ಬಸ್ ಚಾರ್ಜು, ಎಷ್ಟು ಮಕ್ಕಳ ತಿಂಗಳುಗಳು ಉಳಿದಾವು! ಈ ವ್ಯಾಸಂಗಕ್ಕೆ ಹೋಗುವ ಒಬ್ಬ ವಿದ್ಯಾರ್ಥಿಗಾದರೂ ನಮ್ಮ ವಿದ್ಯಾರ್ಥಿವೇತನದಲ್ಲಿ ಪಾಲು ತೆಗೆದಿಡಬೇಕೆಂದು ಪದಾಧಿಕಾರಿಗಳನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಅವರು ತಲೆಯಾಡಿಸಿದ್ದನ್ನು ನೀವೆಲ್ಲ ನೋಡಿದ್ದೀರಿ.

ಹಿಂದಿನ ಸಾಲಿನ ಮೇಜಿನ ಮೇಲೆ ಆರು ಆಲ್ಬಂಗಳನ್ನು ಇಟ್ಟಿದ್ದೇನೆ. ಐದು ಖಾಲಿ, ಬೇಕಾದವರು ತೆಗೆದುಕೊಂಡು ಹೋಗಬಹುದು. ಆರನೆಯದು ಮೊಮ್ಮಗನದ್ದು. ಅವನು ಈಗ ಹೈಸ್ಕೂಲು ಹುಡುಗ, ಚರ್ಚಾಸ್ಪರ್ಧೆಗಳಲ್ಲಿ ಅವನ ಬಾಯಿ ಮುಚ್ಚಿಸುವುದು ಕಷ್ಟ. ಇದನ್ನು ತರಲು ಅವನ ಅನುಮತಿ ಕೇಳಿ ತಂದಿದ್ದೇನೆ. ಚೆಂಡಿನ ಪುಟದ ಮೂಲೆಯನ್ನು ಹಲ್ಲಿನಿಂದ ಕಚ್ಚಿದ ಗುರುತಿದೆ. ನೋಡಿ, ಆದರೆ ದಯವಿಟ್ಟು ಅದನ್ನು ಅಲ್ಲೇ ಬಿಡಿ.